ಮಕ್ಕಳ ಕಾದಂಬರಿ ಓದುವ ನಮ್ಮ ಕೂಟ: ಪದೇ ಪದೇ ಕೇಳುವ ಪ್ರಶ್ನೆಗಳು

ಮೈಸೂರಿನ ಒಂದು ಬಡಾವಣೆಯಲ್ಲಿ ತಿಂಗಳಿಗೊಂದು ಭಾನುವಾರ ಬೆಳಿಗ್ಗೆ ಮಕ್ಕಳೂ ದೊಡ್ಡವರೂ ಒಟ್ಟಿಗೆ ಕೂತು ಒಂದು ಮಕ್ಕಳ ಕಾದಂಬರಿಯ ಬಗ್ಗೆ ಮಾತಾಡುತ್ತೇವೆ. ಮಂಡ್ಯ, ಶ್ರೀರಂಗಪಟ್ಟಣ, ಪಾಂಡವಪುರದಿಂದಲೂ ಬಸ್ಸು ಹತ್ತಿ ಬರುವವರಿದ್ದಾರೆ. ಹೊಸಬರು ಕೇಳುವ ಪ್ರಶ್ನೆಗಳು ಹೆಚ್ಚು ಕಡಿಮೆ ಇವೇ. ಕೆಲವನ್ನು ಅವರು ಕೇಳಿದ ಮಾತಿನಲ್ಲೇ ಬರೆದಿದ್ದೇನೆ.

ಯಾವ ವಯಸ್ಸಿನ ಮಕ್ಕಳಿಗೆ ಇದು?

ಸುಮಾರು 8ರಿಂದ 12 ವರ್ಷ. ಮೂರನೇ ಕ್ಲಾಸು ಮುಗಿಸುವ ಹೊತ್ತಿನಿಂದ ಏಳನೇ ಕ್ಲಾಸಿನವರೆಗೆ ಅಂದುಕೊಳ್ಳಿ. ಚಿತ್ರಪುಸ್ತಕ ಎರಡು ನಿಮಿಷಕ್ಕೆ ಮುಗಿದುಹೋಗುತ್ತದೆ, ದೊಡ್ಡವರ ಕಾದಂಬರಿಗೆ ಇನ್ನೂ ತಾಳ್ಮೆ ಸಾಲದು, ಅಂಥ ವಯಸ್ಸು. ಐದನೇ ಕ್ಲಾಸಿನ ಹುಡುಗಿ ಒಂಬತ್ತನೇ ಕ್ಲಾಸಿನ ಅಣ್ಣನ ಪುಸ್ತಕ ಕಿತ್ತುಕೊಂಡು ಓದಿದರೆ ತಡೆಯಬೇಡಿ. ಅರ್ಥವಾಗದ್ದನ್ನು ಮಕ್ಕಳು ತಾವೇ ಹಾರಿಸಿಕೊಂಡು ಮುಂದೆ ಹೋಗುತ್ತಾರೆ.

"ಇದ್ರಿಂದ ಮಾರ್ಕ್ಸ್‌ಗೆ ಏನಾದ್ರೂ ಉಪಯೋಗ ಆಗುತ್ತಾ ಮೇಡಂ?"

ಓದುವ ಅಭ್ಯಾಸ ಇರುವ ಮಗುವಿಗೆ ಪಾಠದ ಪುಸ್ತಕ ಭಾರವಾಗುವುದಿಲ್ಲ, ಅದು ನಿಜ. ಆದರೆ ಆ ಕಾರಣಕ್ಕೆ ಕಾದಂಬರಿ ಕೊಟ್ಟರೆ ಮಗುವಿಗೆ ವಾಸನೆ ಹತ್ತುತ್ತದೆ, ಪುಸ್ತಕ ಮುಟ್ಟುವುದಿಲ್ಲ. ನಾವು ಸೇರುವುದು ಖುಷಿಗೆ. ಮಾರ್ಕ್ಸಿನ ಮಾತು ಕೂಟದಲ್ಲಿ ಎತ್ತುವುದಿಲ್ಲ.

ಮೊದಲು ಯಾವ ಪುಸ್ತಕ ಕೊಡಲಿ?

ಮೈಸೂರಿನವರು ಕೇಳಿದರೆ ನಾನು ಹೇಳುವುದು ಆರ್. ಕೆ. ನಾರಾಯಣ್ ಅವರ 'ಸ್ವಾಮಿ ಅಂಡ್ ಫ್ರೆಂಡ್ಸ್'. 1935ರಲ್ಲಿ ಬಂದ ಪುಸ್ತಕ ಇವತ್ತಿನ ಹುಡುಗನಿಗೆ ಹಿಡಿಸುತ್ತದಾ ಎಂದು ಅನುಮಾನ ಬೇಡ. ಒಂದು ಸನ್ನಿವೇಶ ಹೇಳುತ್ತೇನೆ. ರಜೆಯಲ್ಲಿ ಅಪ್ಪ ಸ್ವಾಮಿಯನ್ನು ಕೂರಿಸಿಕೊಂಡು ಲೆಕ್ಕ ಕೊಡುತ್ತಾರೆ. ರಾಮನ ಹತ್ತಿರ ಹತ್ತು ಮಾವಿನಹಣ್ಣಿವೆ, ಅವುಗಳಿಂದ ಅವನಿಗೆ ಹದಿನೈದು ಆಣೆ ಬರಬೇಕು. ಕೃಷ್ಣನಿಗೆ ನಾಲ್ಕೇ ಹಣ್ಣು ಬೇಕು. ಕೃಷ್ಣ ಎಷ್ಟು ಕೊಡಬೇಕು? ಸ್ವಾಮಿ ಯೋಚನೆಯಲ್ಲಿ ಮುಳುಗುತ್ತಾನೆ. ಅವನಿಗೆ ಲೆಕ್ಕಕ್ಕಿಂತ ಮುಂಚೆ ಗೊತ್ತಾಗಬೇಕಾದದ್ದು ಹಣ್ಣು ಮಾಗಿದೆಯೋ ಇಲ್ಲವೋ ಅನ್ನುವುದು.

ಇದನ್ನು ಗಟ್ಟಿಯಾಗಿ ಓದಿದ ದಿನ ಟ್ಯೂಷನ್ನಿಗೆ ಹೋಗುವ ಮಕ್ಕಳೆಲ್ಲ ಬಿದ್ದು ಬಿದ್ದು ನಕ್ಕರು. ಒಬ್ಬ ಹುಡುಗ ನಗಲಿಲ್ಲ. "ಹಣ್ಣು ಕಾಯಿ ಇದ್ರೆ ರೇಟು ಕಮ್ಮಿ ಆಗಲೇಬೇಕಲ್ಲ, ಸ್ವಾಮಿ ಕೇಳಿದ್ದು ಸರಿ" ಅಂದ. ಅವನ ತಂದೆ ದೇವರಾಜ ಮಾರುಕಟ್ಟೆಯಲ್ಲಿ ಹಣ್ಣಿನ ವ್ಯಾಪಾರ ಮಾಡುತ್ತಾರೆ. ಅವನ ಆ ಮಾತು ಕೇಳಿದ ಮೇಲೆ ನಾನು ಆ ಪುಟವನ್ನು ಬೇರೆ ರೀತಿ ಓದುತ್ತೇನೆ.

ಓದಿ ಮುಗಿಸಿದವರು ಯಾದವಗಿರಿಗೆ ಹೋಗಿ ಬನ್ನಿ. ನಾರಾಯಣ್ ಅವರ ಮನೆ 2016ರಿಂದ ವಸ್ತುಸಂಗ್ರಹಾಲಯವಾಗಿದೆ. ಒಂದು ಕಾಲಕ್ಕೆ ಅದನ್ನು ಕೆಡವಲು ಶುರುಮಾಡಿದ್ದರು. ಊರಿನವರು, ಓದುಗರು ದನಿಯೆತ್ತಿದ್ದಕ್ಕೆ ಉಳಿಯಿತು. ಮೇಲಿನ ಮಹಡಿಯಲ್ಲಿ ಅರ್ಧವೃತ್ತಾಕಾರದ, ಸುತ್ತ ಕಿಟಕಿಗಳಿರುವ ಕೋಣೆಯಿದೆ. ಅವರು ಬರೆಯಲು ಕೂರುತ್ತಿದ್ದದ್ದು ಅಲ್ಲಿ. ಸ್ವಾಮಿ ಮಾತ್ರ ಈ ಮನೆ ಕಟ್ಟುವುದಕ್ಕೆ ಬಹಳ ಮುಂಚೆಯೇ ಹುಟ್ಟಿದವನು. ಶಂಕರ್ ನಾಗ್ ಅವರ 'ಮಾಲ್ಗುಡಿ ಡೇಸ್' ಧಾರಾವಾಹಿಯನ್ನೂ ತೋರಿಸಬಹುದು. ಅದನ್ನು ಚಿತ್ರಿಸಿದ್ದು ಆಗುಂಬೆಯಲ್ಲಿ. ನನ್ನನ್ನು ಕೇಳಿದರೆ ಪುಸ್ತಕ ಮೊದಲು, ಧಾರಾವಾಹಿ ಆಮೇಲೆ. ಇಲ್ಲದಿದ್ದರೆ ಮಗುವಿನ ಮನಸ್ಸಿನಲ್ಲಿ ಸ್ವಾಮಿಗೆ ಮಾಸ್ಟರ್ ಮಂಜುನಾಥನ ಮುಖ ಬಿಟ್ಟು ಬೇರೆ ಮುಖ ಬರುವುದೇ ಇಲ್ಲ.

ಕನ್ನಡದಲ್ಲಿ ಮಕ್ಕಳಿಗೆ ಅಂತ ಕಾದಂಬರಿ ಎಲ್ಲಿವೆ? ಎಲ್ಲಾ ಪದ್ಯ, ಸಣ್ಣ ಕತೆ ತಾನೇ?

ಇವೆ. ಅಂಗಡಿಯ ಮುಂದಿನ ಸಾಲಿನಲ್ಲಿ ಕಾಣುವುದಿಲ್ಲ, ಕೇಳಿ ತೆಗೆಸಬೇಕು. ಹುಡುಕಲು ಸುಲಭದ ದಾರಿ ಒಂದಿದೆ. ಕೇಂದ್ರ ಸಾಹಿತ್ಯ ಅಕಾದೆಮಿ 2010ರಿಂದ ಬಾಲ ಸಾಹಿತ್ಯ ಪುರಸ್ಕಾರ ಕೊಡುತ್ತಿದೆ. ಮೊದಲ ವರ್ಷ ಕನ್ನಡಕ್ಕೆ ಅದು ಬಂದದ್ದು ಬೊಳುವಾರು ಮಹಮದ್ ಕುಂಞಿ ಅವರ 'ಪಾಪು ಗಾಂಧಿ ಗಾಂಧಿ ಬಾಪು ಆದ ಕಥೆ'ಗೆ. ಮರುವರ್ಷ ನಾ. ಡಿಸೋಜ ಅವರ 'ಮುಳುಗಡೆಯ ಊರಿಗೆ ಬಂದವರು'. ಈಚೆಗೆ ಬಸು ಬೇವಿನಗಿಡದ ಅವರ 'ಓಡಿ ಹೋದ ಹುಡುಗ', ತಮ್ಮಣ್ಣ ಬೀಗಾರ ಅವರ 'ಬಾವಲಿ ಗುಹೆ', ವಿಜಯಶ್ರೀ ಹಾಲಾಡಿ ಅವರ 'ಸೂರಕ್ಕಿ ಗೇಟ್'. ಈ ಪಟ್ಟಿ ಹಿಡಿದುಕೊಂಡು ಹೋದರೆ ಒಂದು ವರ್ಷದ ಓದಿಗೆ ಕೊರತೆಯಿಲ್ಲ.

ಬೊಳುವಾರರ ಪುಸ್ತಕ ಓದಿದ ತಿಂಗಳು ಮದ್ದೂರಿನಿಂದ ಬರುವ ಕುಟುಂಬ ಮಕ್ಕಳನ್ನು ಶಿವಪುರದ ಸತ್ಯಾಗ್ರಹ ಸೌಧಕ್ಕೆ ಕರೆದುಕೊಂಡು ಹೋಗಿತ್ತು. 1938ರ ಏಪ್ರಿಲ್‌ನಲ್ಲಿ ನಿಷೇಧ ಮುರಿದು ಬಾವುಟ ಹಾರಿಸಿದ ಜಾಗ ತಮ್ಮ ಮನೆಗೆ ಇಷ್ಟು ಹತ್ತಿರ ಇದೆ ಅಂತ ಆ ಮಕ್ಕಳಿಗೆ ಗೊತ್ತೇ ಇರಲಿಲ್ಲವಂತೆ. ದಿನಾ ಬಸ್ಸಿನಲ್ಲಿ ಅದರ ಮುಂದೆಯೇ ಹೋಗುತ್ತಿದ್ದವರು.

"ನಮ್ ಮೊಮ್ಮಗ ಮೊಬೈಲ್ ಬುಟ್ಟು ಮೇಲೇಳಕಿಲ್ಲ ಕಣವ್ವ. ಬುಕ್ಕು ಅಂದ್ರೆ ಓಡೋಯ್ತನೆ. ಏನ್ಮಾಡದು?"

ಪಾಂಡವಪುರ ಕಡೆಯ ಯಜಮಾನರೊಬ್ಬರು ಕೇಳಿದ್ದು. ಇದೇ ಪ್ರಶ್ನೆಯನ್ನು ಬೇರೆ ಬೇರೆ ಮಾತಿನಲ್ಲಿ ಎಲ್ಲರೂ ಕೇಳುತ್ತಾರೆ.

ಮೊಬೈಲ್ ಕಿತ್ತುಕೊಂಡು ಆ ಕೈಗೆ ಪುಸ್ತಕ ಇಟ್ಟರೆ ಪುಸ್ತಕ ಶಿಕ್ಷೆಯಾಗುತ್ತದೆ. ಹಾಗೆ ಮಾಡಬೇಡಿ. ರಾತ್ರಿ ಊಟವಾದ ಮೇಲೆ ನೀವೇ ಒಂದು ಅಧ್ಯಾಯ ಗಟ್ಟಿಯಾಗಿ ಓದಿ. ಕಣ್ಣು ಮಂಜಾಗಿದ್ದರೆ "ಮಗ, ನಂಗೆ ಕಾಣಕಿಲ್ಲ, ಎರಡು ಪುಟ ಓದು" ಅನ್ನಿ. ತಾತನಿಗೆ ಓದಿ ಹೇಳುವುದು ಮಕ್ಕಳಿಗೆ ಹೆಮ್ಮೆಯ ಕೆಲಸ. ಅಧ್ಯಾಯದ ನಡುವೆ, ಮುಂದೇನಾಯಿತು ಅನ್ನುವ ಜಾಗದಲ್ಲಿ ಬೇಕಂತಲೇ ನಿಲ್ಲಿಸಿ ಮಲಗಿ.

ಆ ಯಜಮಾನರಿಗೆ ನಾನು ಕೊಟ್ಟದ್ದು ನಾ. ಡಿಸೋಜರ ಪುಸ್ತಕ. ಡಿಸೋಜರು ಶರಾವತಿ ಯೋಜನೆಯಲ್ಲಿ ಊರುಗಳು ಮುಳುಗಿದ್ದನ್ನು ಕಣ್ಣಾರೆ ಕಂಡವರು, ಅದನ್ನೇ ಜೀವನವಿಡೀ ಬರೆದವರು. ಕಾವೇರಿ ಬಯಲಿನವರಿಗೆ ಅದು ದೂರದ ಕತೆಯಲ್ಲ. ಕೆಆರ್‌ಎಸ್‌ನಲ್ಲಿ ನೀರು ತುಂಬುವ ಮಟ್ಟ, 124.80 ಅಡಿ, ಮುಟ್ಟಿತಾ ಅಂತ ಮಳೆಗಾಲದಲ್ಲಿ ದಿನಾ ಪೇಪರ್ ನೋಡುವವರು ನಾವು. ಆ ನೀರಿನ ಕೆಳಗೆ ಹಳೇ ಕನ್ನಂಬಾಡಿ ಇದೆ. ಊರು ಮುಳುಗಿತು, ವೇಣುಗೋಪಾಲಸ್ವಾಮಿ ದೇವಸ್ಥಾನ ಮುಳುಗಿತು. ನೀರು ತೀರ ಇಳಿದ ವರ್ಷಗಳಲ್ಲಿ ದೇವಸ್ಥಾನದ ಕಲ್ಲು ಮೇಲೆ ಕಾಣುತ್ತಿತ್ತು. ಬಹಳ ಕಾಲದ ಮೇಲೆ ಆ ಕಲ್ಲುಗಳನ್ನು ತಂದು ಹೊಸ ಕನ್ನಂಬಾಡಿಯಲ್ಲಿ ಮತ್ತೆ ಕಟ್ಟಿದರು.

ಮುಂದಿನ ಸಲ ತಾತ ಮೊಮ್ಮಗ ಇಬ್ಬರೂ ಬಂದರು. ಹುಡುಗ ಪುಸ್ತಕದ ಬಗ್ಗೆ ಹೆಚ್ಚು ಮಾತಾಡಲಿಲ್ಲ. ತಾತನ ಅಜ್ಜಿಯ ತವರು ಕನ್ನಂಬಾಡಿ ಸೀಮೆಯದಂತೆ, ಅವರೆಲ್ಲ ಎಲ್ಲಿಗೆ ಹೋದರು, ದನಕರು ಏನಾಯಿತು, ಬಾವಿ ಈಗಲೂ ಒಳಗಿದೆಯಾ ಅಂತ ಕೇಳುತ್ತಲೇ ಇದ್ದ. ಕಾದಂಬರಿ ತೆರೆದ ಬಾಗಿಲಿನಿಂದ ಆ ಮನೆಯ ಕತೆಯೇ ಹೊರಗೆ ಬಂತು. ಮೊಬೈಲ್ ಈಗಲೂ ನೋಡುತ್ತಾನೆ. ರಾತ್ರಿ ಅರ್ಧ ಗಂಟೆ ಮಾತ್ರ ತಾತನದು.

ನಮ್ಮ ಮಗಳು ಇಂಗ್ಲಿಷ್ ಮೀಡಿಯಂ. ಕನ್ನಡ ಮಾತಾಡ್ತಾಳೆ, ಆದ್ರೆ ಓದೋಕೆ ಕಷ್ಟ ಪಡ್ತಾಳೆ. ಬರಬಹುದಾ?

ಖಂಡಿತ ಬನ್ನಿ. ಇಲ್ಲಿ ಬರುವವರಲ್ಲಿ ಹೆಚ್ಚಿನವರು ಅಂಥ ಮಕ್ಕಳೇ. ಅವರು ಓದುವಾಗ ಪಕ್ಕದಲ್ಲಿ ಕೂತು ನೋಡಿದರೆ ಎಲ್ಲಿ ತಡೆಯುತ್ತದೆ ಅಂತ ಗೊತ್ತಾಗುತ್ತದೆ. ಬೆರಳು ಸಾಲಿನ ಕೆಳಗೆ ಸರಾಗವಾಗಿ ಹೋಗುತ್ತಿರುತ್ತದೆ, ಒತ್ತಕ್ಷರ ಬಂದ ಕೂಡಲೇ ನಿಲ್ಲುತ್ತದೆ. ಆಮೇಲೆ ಪುಸ್ತಕದ ಭಾಷೆ. ಮನೆಯಲ್ಲಿ "ಹೋಗ್ತಿದೀನಿ" ಅನ್ನುವ ಮಗುವಿಗೆ "ಹೋಗುತ್ತಿದ್ದೇನೆ" ಕಣ್ಣಿಗೆ ಉದ್ದ.

ಇದಕ್ಕೆ ನಾವು ಕಂಡುಕೊಂಡದ್ದು ಇಷ್ಟೇ: ಸಂಭಾಷಣೆ ಹೆಚ್ಚಿರುವ ಪುಸ್ತಕ ಆರಿಸುತ್ತೇವೆ. ವಿವರಣೆಯನ್ನು ದೊಡ್ಡವರೊಬ್ಬರು ಓದುತ್ತಾರೆ, ಮಾತುಗಳನ್ನು ಮಕ್ಕಳು ಪಾತ್ರ ಹಂಚಿಕೊಂಡು ಓದುತ್ತಾರೆ. ಏಪ್ರಿಲ್ ರಜೆಯಲ್ಲಿ ರಂಗಾಯಣದ ಮಕ್ಕಳ ನಾಟಕ ಶಿಬಿರ ಚಿಣ್ಣರ ಮೇಳಕ್ಕೆ ಹೋಗಿ ಬಂದವರಿಗೆ ಇದು ನೀರು ಕುಡಿದಷ್ಟು ಸುಲಭ. ಉಳಿದವರು ಅವರನ್ನು ನೋಡಿ ದನಿ ತೆರೆಯುತ್ತಾರೆ. ತಪ್ಪು ಓದಿದರೆ ಯಾರೂ ತಿದ್ದುವುದಿಲ್ಲ. ಕತೆ ನಿಲ್ಲಬಾರದು.

ಇನ್ನೂ ಕಷ್ಟವಾದರೆ ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ತಾಣದಲ್ಲಿ ಕನ್ನಡದ ಚಿತ್ರಕತೆಗಳು ಹಂತ ಹಂತವಾಗಿ ಸಿಗುತ್ತವೆ, ದುಡ್ಡು ಕೊಡಬೇಕಿಲ್ಲ. ಅವು ಕಾದಂಬರಿಗಳಲ್ಲ, ಆದರೆ ಕಣ್ಣು ಪಳಗುತ್ತದೆ.

ಓದಿದ ಮೇಲೆ ನೀತಿ ಏನು ಅಂತ ಕೇಳ್ತೀರಾ? ಪ್ರಶ್ನೆ ಪತ್ರಿಕೆ ಇರುತ್ತಾ?

ಇಲ್ಲ. ಈ ಒಂದು ವಿಷಯದಲ್ಲಿ ನಾನು ಹಟಮಾರಿ.

"ಈ ಕತೆಯಿಂದ ಏನು ಕಲಿತೆ?" ಅಂದ ತಕ್ಷಣ ಮಗು ಪರೀಕ್ಷೆಗೆ ಕೂತ ಮುಖ ಮಾಡುತ್ತದೆ. ಸತ್ಯವನ್ನೇ ಹೇಳಬೇಕು, ಹಿರಿಯರಿಗೆ ಗೌರವ ಕೊಡಬೇಕು ಅಂತ ಒಪ್ಪಿಸಿ ಪಾರಾಗುತ್ತದೆ. ಅಲ್ಲಿಗೆ ಮಾತು ಮುಗಿಯಿತು. ಅಷ್ಟು ಪುಟ ಓದಿ ಒಂದು ಮಗು ಒಳಗೊಳಗೇ ಕಂಡುಕೊಂಡದ್ದನ್ನು ನಾವು ಕೇಳದೆಯೇ ಹೋದೆವು. ದೊಡ್ಡವರಾದ ನಮಗೆ ಯಾರಾದರೂ ಕಾದಂಬರಿ ಮುಗಿಸಿದ ಮೇಲೆ ಹೀಗೆ ಕೇಳಿದರೆ ಎಷ್ಟು ಮುಜುಗರವಾಗುತ್ತದೆ ಯೋಚಿಸಿ.

ನಾವು ಕೇಳುವ ಪ್ರಶ್ನೆಗಳು ಬೇರೆ. ಎಲ್ಲಿ ಬೇಜಾರಾಯಿತು? ಯಾವ ಪುಟ ಎರಡು ಸಲ ಓದಿದೆ? ಯಾರ ಮೇಲೆ ಸಿಟ್ಟು ಬಂತು? ಮಕ್ಕಳಿಗೆ ಬಹಳ ಇಷ್ಟವಾದದ್ದು ಇದು: ಈ ಪುಸ್ತಕದಲ್ಲಿ ಯಾರ ಮನೆಗೆ ಊಟಕ್ಕೆ ಹೋಗ್ತೀಯ? ಉತ್ತರ ಹೇಳಲು ಪುಸ್ತಕ ಸರಿಯಾಗಿ ಓದಿರಲೇಬೇಕು.

'ತೊತ್ತೋಚಾನ್' ಓದಿದ ದಿನ ಊಟದ ಮಾತು ತಾನಾಗಿಯೇ ಬಂತು. ಜಪಾನಿನ ತೆತ್ಸುಕೊ ಕುರೊಯನಾಗಿ ತಮ್ಮ ಬಾಲ್ಯದ ಶಾಲೆಯ ಬಗ್ಗೆ ಬರೆದ, 1981ರಲ್ಲಿ ಬಂದ ಪುಸ್ತಕ, ಕನ್ನಡದಲ್ಲೂ ಸಿಗುತ್ತದೆ. ಕಟ್ಟುನಿಟ್ಟಾಗಿ ಹೇಳಿದರೆ ಅದು ಕಾದಂಬರಿಯಲ್ಲ, ನಡೆದದ್ದರ ನೆನಪು. ನಮ್ಮ ಮಕ್ಕಳು ಆ ಭೇದ ಮಾಡುವುದಿಲ್ಲ, ನಾನೂ ಮಾಡಲು ಹೋಗಿಲ್ಲ. ಆ ಶಾಲೆಯ ತರಗತಿಗಳು ಹಳೇ ರೈಲು ಬೋಗಿಗಳು. ಹೊಸದಾಗಿ ಸೇರಲು ಬಂದ ಪುಟ್ಟ ಹುಡುಗಿಯ ಮಾತನ್ನು ಹೆಡ್‌ಮಾಸ್ಟರ್ ಕೊಬಯಾಶಿ ನಾಲ್ಕು ಗಂಟೆ ಕೂತು ಕೇಳುತ್ತಾರೆ, ಒಂದು ಸಲವೂ ಆಕಳಿಸದೆ. ಮಧ್ಯಾಹ್ನ ಡಬ್ಬಿಯಲ್ಲಿ ಸಮುದ್ರದ್ದೊಂದು, ಬೆಟ್ಟದ್ದೊಂದು ಇರಲೇಬೇಕು ಅನ್ನುವುದು ಅವರ ನಿಯಮ.

ಅಂದು ನಮ್ಮ ಮಕ್ಕಳು ಡಬ್ಬಿ ತೆರೆದು ಹುಡುಕಿದರು. ಸೊಪ್ಪಿನ ಪಲ್ಯ, ಚಿತ್ರಾನ್ನ, ಮೊಸರನ್ನ ಎಲ್ಲಾ ನೆಲದ್ದೇ. ಸಮುದ್ರ ಎಲ್ಲಿ? ಮೂಲೆಯಲ್ಲಿ ಕೂತಿದ್ದ ಹುಡುಗಿ "ಉಪ್ಪು!" ಅಂದಳು. ಮುಂದಿನ ವಾರ ಎಲ್ಲರೂ ರೈಲು ವಸ್ತುಸಂಗ್ರಹಾಲಯಕ್ಕೆ ಹೋದೆವು. 1979ರಿಂದ ಮೈಸೂರು ರೈಲು ನಿಲ್ದಾಣದ ಹತ್ತಿರವೇ ಇದೆ. ಹಳೆಯ ಬೋಗಿಯ ಎದುರು ನಿಂತು ಕಪ್ಪು ಹಲಗೆ ಎಲ್ಲಿರಬೇಕು, ಕಿಟಕಿ ಪಕ್ಕದ ಜಾಗ ಯಾರಿಗೆ ಅಂತ ಮಕ್ಕಳಲ್ಲಿ ದೊಡ್ಡ ಜಗಳ. ಯಾವ ಪ್ರಶ್ನೆ ಪತ್ರಿಕೆ ಇಷ್ಟನ್ನು ಹೊರಡಿಸುತ್ತಿತ್ತು ಹೇಳಿ.

ಸಾವು, ದುಃಖ ಇರುವ ಪುಸ್ತಕ ಮಕ್ಕಳಿಗೆ ಕೊಡಬಹುದಾ?

ಕೊಡಬಹುದು ಅನ್ನುವುದು ನನ್ನ ಗಟ್ಟಿ ನಂಬಿಕೆ. ('ಷಾರ್ಲೆಟ್ಸ್ ವೆಬ್' ಓದಿಲ್ಲದವರು ಈ ಉತ್ತರ ಬಿಟ್ಟು ಮುಂದಿನದಕ್ಕೆ ಹೋಗಿ. ಕೊನೆ ಹೇಳಿಬಿಡುತ್ತೇನೆ.)

ಇ. ಬಿ. ವೈಟ್ ಅವರ ಈ ಕಾದಂಬರಿ 1952ರದು. ಕೊಟ್ಟಿಗೆಯ ಹಂದಿಮರಿ ವಿಲ್ಬರ್‌ನನ್ನು ಕಡಿಯದಂತೆ ಉಳಿಸಲು ಷಾರ್ಲೆಟ್ ಎಂಬ ಜೇಡ ತನ್ನ ಬಲೆಯಲ್ಲಿ ಅವನನ್ನು ಹೊಗಳುವ ಮಾತು ನೇಯುತ್ತದೆ. ಅವನು ಉಳಿಯುತ್ತಾನೆ. ಮೊಟ್ಟೆಯಿಟ್ಟು ಸೋತ ಷಾರ್ಲೆಟ್ ಜಾತ್ರೆಯ ಮೈದಾನದಲ್ಲೇ ಉಳಿದು, ಜನ ಎಲ್ಲಾ ಹೋದ ಮೇಲೆ ಒಬ್ಬಳೇ ಸಾಯುತ್ತಾಳೆ. ಲೇಖಕರೇ ಇದನ್ನು ಧ್ವನಿಮುದ್ರಣಕ್ಕೆ ಓದುವಾಗ ಈ ಜಾಗದಲ್ಲಿ ಗಂಟಲು ಕಟ್ಟಿ ಮತ್ತೆ ಮತ್ತೆ ನಿಲ್ಲಿಸಬೇಕಾಯಿತಂತೆ.

ನಾವು ಇಂಗ್ಲಿಷಿನಲ್ಲಿ ಓದಿ ಕನ್ನಡದಲ್ಲಿ ಮಾತಾಡಿದೆವು. ಸ್ವಲ್ಪ ದಿನದ ಹಿಂದೆ ಅಜ್ಜಿಯನ್ನು ಕಳೆದುಕೊಂಡಿದ್ದ ಹುಡುಗನೊಬ್ಬ ಅಲ್ಲಿದ್ದ. ಅವನ ತಾಯಿ ಮುಂಚೆಯೇ ನನಗೆ ಹೇಳಿದ್ದರು, ಬೇಡವೇನೋ ಅಂತ ಹಿಂದೆ ಮುಂದೆ ನೋಡುತ್ತಿದ್ದರು. ಅವನು ಬಹಳ ಹೊತ್ತು ಸುಮ್ಮನಿದ್ದು, "ಅವಳ ಹತ್ರ ಯಾರಾದ್ರೂ ಇರಬೇಕಿತ್ತು" ಅಂದ. ಪಕ್ಕದಲ್ಲಿದ್ದ ಹುಡುಗಿ, "ವಿಲ್ಬರ್ ಮೊಟ್ಟೆ ಕಾಪಾಡಿದ್ನಲ್ಲ" ಅಂದಳು. ಆಮೇಲೆ ಇಬ್ಬರೂ ಜೇಡದ ಮರಿಗಳ ಬಗ್ಗೆ ಮಾತಾಡಿದರು. ಅಜ್ಜಿಯ ಹೆಸರು ಯಾರೂ ಎತ್ತಲಿಲ್ಲ, ಎತ್ತುವ ಅಗತ್ಯವೂ ಇರಲಿಲ್ಲ. ಆ ತಾಯಿ ಮನೆಗೆ ಹೋಗುವಾಗ ಪುಸ್ತಕ ಕೇಳಿ ತೆಗೆದುಕೊಂಡು ಹೋದರು.

ಒಂದು ಎಚ್ಚರ ಮಾತ್ರ. ಇಂಥ ಪುಸ್ತಕವನ್ನು ಮಗುವಿನ ಕೈಗೆ ಕೊಟ್ಟು ಹೋಗಬೇಡಿ. ನೀವೂ ಓದಿರಿ, ಹತ್ತಿರ ಇರಿ.

ತೇಜಸ್ವಿಯವರ 'ಕರ್ವಾಲೋ' ಮಕ್ಕಳು ಓದಬಹುದಾ?

ಮಕ್ಕಳಿಗೆ ಅಂತ ಬರೆದದ್ದಲ್ಲ, ಆದರೂ ಆರು ಏಳನೇ ಕ್ಲಾಸಿನವರು ಅದನ್ನು ಎತ್ತಿಕೊಂಡರೆ ಕೆಳಗಿಡುವುದಿಲ್ಲ. 1980ರಲ್ಲಿ ಬಂದದ್ದು. ಮಂದಣ್ಣ ಇದ್ದಾನೆ, ಜೇನು ಇದೆ, ಕಿವಿ ಎಂಬ ನಾಯಿ ಇದೆ, ಹಾರುವ ಓತಿಯನ್ನು ಹುಡುಕಿಕೊಂಡು ಕಾಡಿಗೆ ಹೋಗುವ ದಂಡು ಇದೆ. ಹಾರುವ ಓತಿ ನಿಜಕ್ಕೂ ಪಶ್ಚಿಮ ಘಟ್ಟದಲ್ಲಿದೆ ಅಂತ ತಿಳಿದ ಮೇಲೆ ಮಕ್ಕಳ ಕಣ್ಣು ನೋಡಬೇಕು. ಕಳ್ಳಭಟ್ಟಿ, ಪೊಲೀಸು, ಕೋರ್ಟು ಎಲ್ಲಾ ಬರುತ್ತದೆ, ಅದಕ್ಕೆ ಹೆದರಬೇಕಿಲ್ಲ. ಚಿಕ್ಕವರಿಗೆ 'ಪರಿಸರದ ಕತೆ'ಯಿಂದ ಶುರುಮಾಡಿ. ಓತಿ ಸಿಕ್ಕಿತಾ ಇಲ್ಲವಾ ಅಂತ ಮಾತ್ರ ಯಾರೂ ಮೊದಲೇ ಹೇಳಕೂಡದು, ಇದು ಕೂಟದ ನಿಯಮ.

ಪುಸ್ತಕ ಎಲ್ಲಿ ಸಿಗುತ್ತೆ? ಎಲ್ಲಾ ಕೊಂಡುಕೊಳ್ಳೋಕೆ ಆಗಲ್ಲ.

ಕೊಳ್ಳುವುದು ಕಡ್ಡಾಯವಲ್ಲ. ಮೈಸೂರಿನಲ್ಲಿ ನಗರ ಕೇಂದ್ರ ಗ್ರಂಥಾಲಯಕ್ಕೆ ಬಡಾವಣೆಗಳಲ್ಲಿ ಶಾಖೆಗಳಿವೆ. ಹಳ್ಳಿಗಳಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯ, ಈಗ ಅರಿವು ಕೇಂದ್ರ ಅನ್ನುತ್ತಾರೆ. 'ಓದುವ ಬೆಳಕು' ಕಾರ್ಯಕ್ರಮದಲ್ಲಿ ಮಕ್ಕಳಿಗೆ ಸದಸ್ಯತ್ವ ಉಚಿತ. ಮಕ್ಕಳ ಕಾದಂಬರಿ ಬೇಕು ಅಂತ ಬಾಯಿಬಿಟ್ಟು ಕೇಳಿ. ಕೇಳುವವರು ಇದ್ದಾರೆ ಅಂತ ಗೊತ್ತಾದರೆ ತರಿಸುತ್ತಾರೆ.

ಕೊಳ್ಳುವುದಾದರೆ ನವಕರ್ನಾಟಕ, ಸಪ್ನ ಮಳಿಗೆಗಳಲ್ಲಿ ಮಕ್ಕಳ ವಿಭಾಗವಿದೆ. ನ್ಯಾಷನಲ್ ಬುಕ್ ಟ್ರಸ್ಟ್‌ನ ಪುಸ್ತಕಗಳು ಕಡಿಮೆ ಬೆಲೆಯವು. ಮಂಡ್ಯದಲ್ಲಿ 2024ರ ಡಿಸೆಂಬರ್ 20ರಿಂದ 22ರವರೆಗೆ 87ನೇ ಸಾಹಿತ್ಯ ಸಮ್ಮೇಳನ ನಡೆದಾಗ ನಮ್ಮ ಕೆಲವರು ಗೋಷ್ಠಿ ಬಿಟ್ಟು ಪುಸ್ತಕ ಮಳಿಗೆಗಳಲ್ಲೇ ಸುತ್ತಿ, ಚೀಲ ತುಂಬಿಸಿಕೊಂಡು ಬಂದರು. ಈಗಲೂ ಅವೇ ಕೈಯಿಂದ ಕೈಗೆ ಓಡಾಡುತ್ತಿವೆ.

ಪಾಂಡವಪುರ ತಾಲ್ಲೂಕಿನ ಹರಳಹಳ್ಳಿಯ 'ಪುಸ್ತಕ ಮನೆ'ಗೆ ಮಕ್ಕಳನ್ನು ಒಮ್ಮೆ ಕರೆದುಕೊಂಡು ಹೋಗಲೇಬೇಕು. ಸಕ್ಕರೆ ಕಾರ್ಖಾನೆಯಲ್ಲಿ ಕೆಲಸ ಮಾಡಿಕೊಂಡು, ದುಡಿದದ್ದನ್ನೆಲ್ಲ ಪುಸ್ತಕಕ್ಕೆ ಹಾಕಿ ಅಂಕೇಗೌಡರು ಲಕ್ಷಾಂತರ ಪುಸ್ತಕ ಸೇರಿಸಿದ ಜಾಗ. ಒಬ್ಬ ಮನುಷ್ಯ ಇಷ್ಟು ಕೂಡಿಡಬಲ್ಲ ಅಂತ ಕಣ್ಣಿಗೆ ಕಂಡರೆ ಮಕ್ಕಳಿಗೆ ಬೇರೆ ಉಪದೇಶ ಬೇಡ.

ಕಾಮಿಕ್ಸ್ ಓದಿದ್ರೆ ಲೆಕ್ಕಕ್ಕೆ ಬರುತ್ತಾ?

ಬರುತ್ತದೆ.

ಅರ್ಧಕ್ಕೆ ಬಿಟ್ಟರೆ?

ಬಿಡಲಿ. ಎಲ್ಲಿ ಬಿಟ್ಟೆ, ಯಾಕೆ ಬಿಟ್ಟೆ ಅಂತ ಬಂದು ಹೇಳಿದರೆ ಸಾಕು. ಇಂಥ ಮಾತುಗಳಿಂದಲೇ ಮುಂದಿನ ಪುಸ್ತಕ ಆರಿಸುವುದು ಸುಲಭವಾಗಿದೆ.

ಮಕ್ಕಳು ತಾವೇ ಬರೀತಾರಾ?

ಕೆಲವರು. ಯಾರಿಗೂ ಬರೆಯಿರಿ ಅಂತ ಹೇಳುವುದಿಲ್ಲ. ಒಂದು ಪುಸ್ತಕದ ಕೊನೆ ಇಷ್ಟವಾಗದೆ ಮದ್ದೂರಿನ ಹುಡುಗಿ ತಾನೇ ಇನ್ನೊಂದು ಅಧ್ಯಾಯ ಬರೆದುಕೊಂಡು ಬಂದಳು. ಅದರಲ್ಲಿ ಮಲೆನಾಡಿನ ಹುಡುಗ ವಿಶ್ವೇಶ್ವರಯ್ಯ ನಾಲೆ ಏರಿಯ ಮೇಲೆ ನಡೆದು ಆಲೆಮನೆಗೆ ಬರುತ್ತಾನೆ. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುತ್ತಿರುತ್ತದೆ, ಬಿಸಿ ಬೆಲ್ಲಕ್ಕೆ ಕೈ ಹಾಕಿ ಬೆರಳು ಸುಟ್ಟುಕೊಳ್ಳುತ್ತಾನೆ. ಬೆರಳಿಗೆ ಅಂಟಿದ ಬೆಲ್ಲವನ್ನು ಉರಿಯಲ್ಲೇ ನೆಕ್ಕುತ್ತಾನೆ ಅಂತ ಬರೆದಿದ್ದಳು. ಆಲೆಮನೆಯಲ್ಲಿ ಬೆರಳು ಸುಟ್ಟುಕೊಂಡವರಿಗೆ ಮಾತ್ರ ಹೊಳೆಯುವ ವಿವರ. ಕಬ್ಬಿನ ಸೀಮೆಯ ಮಕ್ಕಳಿಗೆ ತಮ್ಮದೇ ಊರಿನ ಕಾದಂಬರಿ ಬೇಕು ಅನ್ನುವ ಆಸೆ ನನಗೆ ಬಹಳ ದಿನದಿಂದ ಇದೆ. ಬರೆಯುವವರು ಯಾರಾದರೂ ಇದನ್ನು ಓದುತ್ತಿದ್ದರೆ ದಯವಿಟ್ಟು ಬರೆಯಿರಿ. ಮೊದಲ ಓದುಗರು ಇಲ್ಲಿ ಕಾಯುತ್ತಿದ್ದಾರೆ.

ನನಗೆ ಮಕ್ಕಳಿಲ್ಲ. ಆದ್ರೆ ಮಕ್ಕಳ ಪುಸ್ತಕ ಓದೋದು ಇಷ್ಟ. ಬರಬಹುದಾ?

ಬನ್ನಿ. ನಮ್ಮಲ್ಲಿ ನಿವೃತ್ತ ಪೋಸ್ಟ್‌ಮಾಸ್ಟರ್ ಒಬ್ಬರಿದ್ದಾರೆ, ಬ್ಯಾಂಕಿನವರಿದ್ದಾರೆ, ಕಾಲೇಜು ಹುಡುಗರಿದ್ದಾರೆ. ದೊಡ್ಡವರು ಬರೀ ಮಕ್ಕಳನ್ನು ಬಿಟ್ಟು ಹೋಗಲು ಬಂದರೆ ನಮಗೆ ಬೇಸರ. ಓದಿಕೊಂಡು ಬಂದು ಚಾಪೆಯ ಮೇಲೆ ಕೂತರೆ ಸಂತೋಷ. ಮಗು ಮಾತಾಡುವಾಗ ನಡುವೆ ಬಾಯಿ ಹಾಕಬಾರದು, ಮಗುವಿನ ಅಭಿಪ್ರಾಯ ತಿದ್ದಬಾರದು. ನಿಮ್ಮ ಅಭಿಪ್ರಾಯ ಹೇಳಿ, ಅವರು ಒಪ್ಪದಿದ್ದರೆ ವಾದ ಮಾಡಿ. ಹನ್ನೊಂದು ವರ್ಷದವರು ಚೆನ್ನಾಗಿ ವಾದ ಮಾಡುತ್ತಾರೆ.

ಬರುವಾಗ ಏನು ತರಬೇಕು?

ಆ ತಿಂಗಳ ಪುಸ್ತಕ, ಸಿಕ್ಕಿದ್ದರೆ. ನೀರಿನ ಬಾಟಲಿ. ಮಧ್ಯಾಹ್ನದವರೆಗೆ ಇರುವವರು ಡಬ್ಬಿ ತನ್ನಿ, ಹಂಚಿಕೊಂಡು ಊಟ ಮಾಡುತ್ತೇವೆ. ಎರವಲು ಪಡೆದ ಪುಸ್ತಕ ಹರಿದಿದ್ದರೆ ಸಂಕೋಚವಿಲ್ಲದೆ ಹಾಗೇ ತನ್ನಿ. ಅಂಟು, ರಟ್ಟು, ಕತ್ತರಿ ಇಲ್ಲೇ ಇವೆ, ಪೋಸ್ಟ್‌ಮಾಸ್ಟರ್ ಬೈಂಡಿಂಗ್ ಮಾಡಿಕೊಡುತ್ತಾರೆ.